ಗ್ರಂಥಾಲಯಕ್ಕೆ ಪುಸ್ತಕ ಆರಿಸುವವರಿಗೆ: ಪತ್ತೇದಾರಿ ಕಾದಂಬರಿ ಕೊಳ್ಳಿ

ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಹಿರಿಯರಿಗೆ, ಮತ್ತು ಹಳ್ಳಿ ಹಳ್ಳಿಯ ಅರಿವು ಕೇಂದ್ರಗಳನ್ನು, ಅಂದರೆ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು, ನೋಡಿಕೊಳ್ಳುವ ಎಲ್ಲರಿಗೆ, ನಮಸ್ಕಾರ.

ನೇರ ವಿಷಯಕ್ಕೆ ಬರುತ್ತೇನೆ. ಪತ್ತೇದಾರಿ ಕಾದಂಬರಿ ಕೊಳ್ಳಿ. ಪ್ರತಿ ವರ್ಷ ಕೊಳ್ಳಿ, ಈಗಿನದಕ್ಕಿಂತ ಜಾಸ್ತಿ ಕೊಳ್ಳಿ, ಓದಿ ಓದಿ ಹರಿದು ಹೋದರೆ ಅದೇ ಪುಸ್ತಕವನ್ನು ಮತ್ತೆ ಕೊಳ್ಳಿ. ಬೇಡಿಕೆ ಇಷ್ಟೇ. ಮುಂದಿನದೆಲ್ಲ ಯಾಕೆ ಅನ್ನುವುದರ ವಿವರಣೆ. ಸ್ವಲ್ಪ ಉದ್ದ ಆಗುತ್ತದೆ, ಟೀಚರ್ ಅಲ್ವಾ, ಸಹಿಸಿಕೊಳ್ಳಿ.

ನಾನು ಗದಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಹುಬ್ಬಳ್ಳಿಯಲ್ಲಿ, ಓಡಾಟ ರೈಲಿನಲ್ಲಿ. ಬಿಡುವು ಸಿಕ್ಕಾಗ ಯಾವುದಾದರೂ ಊರಿನ ಗ್ರಂಥಾಲಯಕ್ಕೆ ಹೋಗಿ ಕೂರುವ ಚಟ ಇದೆ. ಅಲ್ಲಿ ಕೂತು ನಾನು ಜಾಸ್ತಿ ನೋಡುವುದು ಪುಸ್ತಕಗಳ ಬೆನ್ನನ್ನು. ನೀವೂ ಒಮ್ಮೆ ನೋಡಿ. ಕೆಲವು ಪುಸ್ತಕ ಪ್ರೆಸ್ಸಿನಿಂದ ಬಂದ ದಿನ ಹೇಗಿದ್ದವೋ ಹಾಗೇ ನೆಟ್ಟಗೆ ನಿಂತಿರುತ್ತವೆ. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಒಂದು ತಾರೀಖೂ ಇಲ್ಲ. ಪತ್ತೇದಾರಿ ಪುಸ್ತಕಕ್ಕೆ ಮುಖಪುಟವೇ ಇಲ್ಲ, ದಪ್ಪ ದಾರ ಹಾಕಿ ಹೊಲಿದಿದ್ದಾರೆ, ಚೀಟಿ ತುಂಬಿ ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದಾರೆ. ಒಂದು ಪುಸ್ತಕದ ಮೊದಲ ಪುಟದಲ್ಲೇ ಯಾರೋ ಬಾಲ್‌ಪೆನ್ನಿನಲ್ಲಿ "ಕೊಲೆಗಾರ ಅಡುಗೆಯವನು" ಅಂತ ಬರೆದಿದ್ದರು. ಅದರ ಕೆಳಗೆ ಬೇರೆ ಕೈಬರಹ: "ಸುಳ್ಳು. ನಂಬಬ್ಯಾಡ್ರಿ, ಓದ್ರಿ." ಓದಿದೆ. ಕೊನೆಯ ನಾಲ್ಕು ಹಾಳೆ ಇರಲಿಲ್ಲ! ಯಾರು ಹೇಳಿದ್ದು ನಿಜ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಕೌಂಟರಿನಲ್ಲಿದ್ದವರನ್ನು ಕೇಳಿದೆ, ಬೇರೆ ಪ್ರತಿ ಇಲ್ಲವಾ ಅಂತ. "ಹೊಸಾವು ಬರೂದಿಲ್ರೀ ಟೀಚರ್. ಹಳೇವು ಓದಿ ಓದಿ ಹರದು ಹೋದ್ವು. ರದ್ದಿ ಲಿಸ್ಟಿಗೆ ಹಾಕೇವಿ" ಅಂದರು. ಯಾವ ಗ್ರಂಥಾಲಯ ಅನ್ನುವುದು ಬೇಡ, ಆ ಮನುಷ್ಯನ ತಪ್ಪೇನೂ ಇಲ್ಲ. ಆದರೆ ಲೆಕ್ಕ ನೋಡಿ. ಜನ ಓದಿದ ಪುಸ್ತಕ ಹರಿಯುತ್ತದೆ, ಹರಿದದ್ದು ರದ್ದಿಗೆ ಹೋಗುತ್ತದೆ, ಅದರ ಜಾಗಕ್ಕೆ ಅದೇ ಪುಸ್ತಕ ಬರುವುದಿಲ್ಲ. ಯಾರೂ ಮುಟ್ಟದ ಪುಸ್ತಕ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಹೀಗೆ ಕೆಲವು ವರ್ಷ ನಡೆದರೆ ಕಪಾಟಿನಲ್ಲಿ ಉಳಿಯುವುದು ಯಾರಿಗೂ ಬೇಡವಾದದ್ದಷ್ಟೇ. ಆಮೇಲೆ ನಾವೇ ವೇದಿಕೆ ಹತ್ತಿ ಜನ ಓದುತ್ತಿಲ್ಲ ಅಂತ ಭಾಷಣ ಮಾಡುತ್ತೇವೆ.

ರೊಕ್ಕದ ಮಾತೂ ಇದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ನಮ್ಮ ಓಣಿಯ ಕಿರಾಣಿ ಅಂಗಡಿಯವರೂ ಕಟ್ಟುತ್ತಾರೆ, ಚಹಾದಂಗಡಿ ಇರುವ ಕಟ್ಟಡದ ಮಾಲಕರೂ ಕಟ್ಟುತ್ತಾರೆ. ಕರ ಕಟ್ಟುವವರಿಗೆ ಇಷ್ಟವಾಗುವ ಪುಸ್ತಕವೂ ನಾಲ್ಕು ಇರಲಿ ಅನ್ನುವುದು ದೊಡ್ಡ ಮಾತಲ್ಲ ಅಂದುಕೊಂಡಿದ್ದೇನೆ.

ಇನ್ನು ಮರ್ಯಾದೆಯ ಪ್ರಶ್ನೆ. ಅಸಲಿ ತೊಡಕು ಇದೇ ಅಂತ ನನ್ನ ಅನುಮಾನ. ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆಯ ಮೇಲೆ ಬೀಳುತ್ತದೆ ಅಂತ ಮಾತಿದೆ, ನಾವದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ಪತ್ತೇದಾರಿ ಬರೆಯುವವರ ಹಂಚಿನ ಮೇಲೆ ಬಿದ್ದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ಬಿದ್ದರೂ ಅವರು ಹೊರಗೆ ಬಂದು ಕಲ್ಲು ಎಲ್ಲಿಂದ ಬಂತು, ಯಾವ ಕೋನದಲ್ಲಿ ಬಂತು, ಒಗೆದವನು ಎಡಗೈಯವನೋ ಬಲಗೈಯವನೋ ಅಂತ ವಿಚಾರಣೆ ಶುರು ಮಾಡುತ್ತಿದ್ದರೇನೋ. ಇರಲಿ.

ಓದುಗರನ್ನು ಕಟ್ಟುವ ಕೆಲಸ ನಮ್ಮ ಭಾಗಕ್ಕೆ ಹೊಸದಲ್ಲ. ಹಾವೇರಿ ಕಡೆಯ ಗಳಗನಾಥರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಗಂಟು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಅವರು ಬರೆದ ಐತಿಹಾಸಿಕ ಕಾದಂಬರಿಗಳಲ್ಲಿ ಪಿತೂರಿ, ವೇಷ ಮರೆಸಿಕೊಂಡ ಗೂಢಚಾರರು, ಮುಂದೇನಾಯಿತು ಅನ್ನುವ ತವಕ ಎಲ್ಲ ಉಂಟು. ಜನ ಮನೆ ಬಾಗಿಲಲ್ಲಿ ಕೊಂಡು ಓದಿದ್ದು ಅದಕ್ಕೇ. ಅವರನ್ನು ಇವತ್ತು ಕನ್ನಡ ಕಾದಂಬರಿಯ ಪಿತಾಮಹ ಅಂತ ಗೌರವದಿಂದ ನೆನೆಯುತ್ತೇವೆ. ಸರಿಯೇ.

ಹಾಗಾದರೆ ಎನ್. ನರಸಿಂಹಯ್ಯ ಅವರಿಗೆ ಯಾವ ಕುರ್ಚಿ? ಓದಿದ್ದು ನಾಲ್ಕನೇ ತರಗತಿ. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ, ಹೆಚ್ಚಿನವು ಪತ್ತೇದಾರಿ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ, ಈ ಹೆಸರು ಹೇಳಿದರೆ ಸಾಕು, ಅರವತ್ತು ದಾಟಿದ ಎಷ್ಟೋ ಜನರ ಮುಖ ಅರಳುತ್ತದೆ. ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ನವೆಂಬರ್ ಒಂದರಂದು ಚೆನ್ನಮ್ಮ ಸರ್ಕಲ್ಲಿನಲ್ಲಿ ಹಳದಿ ಕೆಂಪು ಬಾವುಟ ಹಾರಿಸುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? 1972ರ 'ಬಂಗಾರದ ಮನುಷ್ಯ' ಸಿನಿಮಾಕ್ಕೆ ಮೂಲ ಕಾದಂಬರಿ ಬರೆದ ಟಿ.ಕೆ. ರಾಮರಾವ್ ಅವರ ಹೆಸರು ನಡೆದದ್ದೇ ಪತ್ತೇದಾರಿ, ರೋಚಕ ಕಾದಂಬರಿಗಳಿಂದ. ಆಮೇಲೆ ತೇಜಸ್ವಿ. ಏಲಕ್ಕಿ ತೋಟ, ಸಾವು, ಅನುಮಾನ ಎಲ್ಲ ಸೇರಿದ 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಕಾಡೆಮಿಗೇ ಅಭ್ಯಂತರ ಇಲ್ಲದ ಮೇಲೆ ನಮಗ್ಯಾಕೆ?

ಹಿಂದೆ ಹೋಗೋಣ ಅಂದರೆ ಇನ್ನೂ ಹಿಂದಕ್ಕೆ ಹೋಗಬಹುದು. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗದ್ಯ 'ವಡ್ಡಾರಾಧನೆ', ಸಾವಿರ ವರ್ಷದ್ದು, ಜೈನ ಮುನಿಗಳ ಕಥೆಗಳದ್ದು. ಅದರಲ್ಲಿ ವಿದ್ಯುಚ್ಚೋರನ ಕಥೆ ಇದೆ. ಹಗಲು ಕುಷ್ಠರೋಗಿಯ ವೇಷ, ರಾತ್ರಿ ಕಳ್ಳತನ. ಅರಮನೆಯ ಹಾರ ಕದಿಯುತ್ತಾನೆ. ಕಾವಲಿನ ಅಧಿಕಾರಿ ಯಮದಂಡನಿಗೆ ಅರಸ ಏಳು ದಿನದ ಗಡುವು ಕೊಡುತ್ತಾನೆ. ಕಳ್ಳನೂ ಕಾವಲಿನವನೂ ಬಾಲ್ಯದ ಗೆಳೆಯರು ಬೇರೆ! ಇದನ್ನು ಕ್ಲಾಸಿನಲ್ಲಿ ಹೇಳುವಾಗ ಹಿಂದಿನ ಬೆಂಚಿನವರು ತಾವಾಗಿಯೇ ಮುಂದೆ ಬಂದು ಕೂತಿದ್ದರು.

ಗದಗಿನವರಿಗೆ ಅಷ್ಟು ದೂರ ಹೋಗುವ ಕೆಲಸವೂ ಇಲ್ಲ. ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದ ಭಾರತದ ವಿರಾಟಪರ್ವ ತೆಗೆಯಿರಿ. ಐದು ಜನ ಅಣ್ಣತಮ್ಮಂದಿರು ಮತ್ತು ಅವರ ಹೆಂಡತಿ, ಹೆಸರು ವೇಷ ಬದಲಿಸಿಕೊಂಡು ಒಂದೇ ಅರಮನೆಯಲ್ಲಿ ಕೆಲಸಕ್ಕಿದ್ದಾರೆ. ಗುರುತು ಸಿಕ್ಕಿದರೆ ಮತ್ತೆ ಹನ್ನೆರಡು ವರ್ಷ ಕಾಡು. ಅಂಥ ಹೊತ್ತಿನಲ್ಲಿ ರಾಣಿಯ ತಮ್ಮನ ಕೊಲೆ. ರಾತ್ರಿ, ನಾಟ್ಯಶಾಲೆಯಲ್ಲಿ, ಹೆಣದ ತಲೆ ಯಾವುದು ಕೈಕಾಲು ಯಾವುದು ತಿಳಿಯದ ಹಾಗೆ. ಗಂಧರ್ವರು ಕೊಂದರಂತೆ ಅಂತ ಊರಲ್ಲಿ ಸುದ್ದಿ. ಸುದ್ದಿ ಹಸ್ತಿನಾವತಿಗೆ ಮುಟ್ಟುತ್ತದೆ. ಅಲ್ಲಿ ಕೌರವನ ಕಡೆಯವರು ಕೂತಲ್ಲೇ ಲೆಕ್ಕ ಹಾಕುತ್ತಾರೆ: ಕೀಚಕನನ್ನು ಬರಿಗೈಯಲ್ಲಿ ಕೊಲ್ಲುವ ತಾಕತ್ತು ಯಾರಿಗಿದೆ, ಭೀಮನಿಗೆ, ಅಂದರೆ ಪಾಂಡವರು ವಿರಾಟನ ಊರಲ್ಲೇ ಇದ್ದಾರೆ. ಸ್ಥಳಕ್ಕೆ ಹೋಗಿಲ್ಲ, ಹೆಣ ನೋಡಿಲ್ಲ. ಕೊಂದ ರೀತಿಯಿಂದಲೇ ಕೊಂದವನನ್ನು ಹಿಡಿದರು. ಇದನ್ನು ಗಮಕಿಗಳು ಹಾಡಿದರೆ ಪುಣ್ಯ, ಬೇರೆ ಹೆಸರಿಟ್ಟು ಪಾಕೆಟ್ ಬುಕ್ಕಿನಲ್ಲಿ ಬರೆದರೆ ಹಗುರ ಸಾಹಿತ್ಯ!

ಈ ಕಥೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಓದುಗರು ಯಾಕೆ ಬಿಡುವುದಿಲ್ಲ ಅನ್ನುವುದಕ್ಕೆ ಅದೇ ಉತ್ತರದ ಅರ್ಧ ಭಾಗ. ಇಲ್ಲಿ ಕೊಂದವನು ಯಾರು ಅಂತ ಕೇಳುಗರಿಗೆ ಮೊದಲೇ ಗೊತ್ತು. ಆದರೂ ಎದೆ ಡವಡವ. ಭೀಮ ಸೀರೆ ಉಟ್ಟು ಕತ್ತಲಲ್ಲಿ ಮಲಗಿದ್ದಾನೆ ಅಂತ ನಮಗೆ ಗೊತ್ತು, ಕೀಚಕನಿಗೆ ಗೊತ್ತಿಲ್ಲ, ಅವನು ಅತ್ತರು ಪೂಸಿಕೊಂಡು ಬರುತ್ತಿದ್ದಾನೆ. ಪಾತ್ರಕ್ಕಿಂತ ಓದುಗನಿಗೆ ಜಾಸ್ತಿ ಗೊತ್ತಿದ್ದರೆ ಸಸ್ಪೆನ್ಸ್. ಓದುಗನಿಗೆ ಕಡಿಮೆ ಗೊತ್ತಿದ್ದು, ಎಲ್ಲೋ ಒಬ್ಬನಿಗೆ ಪೂರ್ತಿ ಗೊತ್ತಿದ್ದರೆ ಪತ್ತೇದಾರಿ. ಒಳ್ಳೆಯ ಬರಹಗಾರರು ಈ ಎರಡನ್ನೂ ಆಡಿಸುತ್ತಾರೆ. ಒಂದು ಅಧ್ಯಾಯದಲ್ಲಿ ನಮ್ಮನ್ನು ಕತ್ತಲಲ್ಲಿ ಇಡುತ್ತಾರೆ, ಮುಂದಿನದರಲ್ಲಿ ನಮಗೆ ಮಾತ್ರ ದೀಪ ತೋರಿಸುತ್ತಾರೆ. ಇದು ಕಸುಬು. ಸುಮ್ನೆ ಬರುವುದಿಲ್ಲ.

ಉತ್ತರದ ಇನ್ನರ್ಧ ಅಂದರೆ, ಇಲ್ಲಿ ಓದುಗನಿಗೂ ಕೆಲಸ ಇದೆ. ಬೇರೆ ಕಥೆಯಲ್ಲಿ ಲೇಖಕ ಹೇಳಿದ್ದನ್ನು ನಾವು ನಂಬುತ್ತಾ ಹೋಗುತ್ತೇವೆ. ಇಲ್ಲಿ ಯಾರನ್ನೂ ನಂಬುವ ಹಾಗಿಲ್ಲ. ಆ ತೋಟದ ಮಾಲಿ ಅಷ್ಟು ಬೇಗ ಯಾಕೆ ಎದ್ದ? ಗಡಿಯಾರ ನಿಂತದ್ದು ಮೊದಲೋ ಕೊಲೆ ಆದದ್ದು ಮೊದಲೋ? ಹತ್ತು ಪುಟ ಹಿಂದೆ ಹೋಗಿ ಮತ್ತೆ ಓದುತ್ತೇವೆ. ಹಿಂದೆ ಹೋಗಿ ಓದುವ ಹುಡುಗರನ್ನು ನಾನು ಪಠ್ಯಪುಸ್ತಕದ ವಿಷಯದಲ್ಲಿ ಇನ್ನೂ ಕಂಡಿಲ್ಲ. ಇಂಗ್ಲೆಂಡಿನಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದರು, ಅವರೂ ಇಂಥ ಕಥೆಗಾರರೇ. ಪತ್ತೇದಾರನೇ ಕೊಲೆಗಾರ ಆಗಬಾರದು, ದೆವ್ವ ಬಂದು ಬಿಡಿಸಬಾರದು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ತಕ್ಷಣ ಸಿಗಬೇಕು, ಹೀಗೆ. ಕೆಲವನ್ನು ದೊಡ್ಡ ದೊಡ್ಡ ಲೇಖಕರೇ ಮುರಿದರು, ಅದು ಬೇರೆ. ಆದರೆ ಓದುಗನಿಗೆ ಮೋಸ ಆಗಬಾರದು ಅಂತ ಕರಾರು ಹಾಕಿಕೊಂಡ ಸಾಹಿತ್ಯ ಪ್ರಕಾರ ಬೇರೆ ಯಾವುದಿದೆ, ಹೇಳಿ?

ಓದುಗರೂ ಕರಾರನ್ನು ಬಿಗಿಯಾಗೇ ಹಿಡಿಯುತ್ತಾರೆ. ಕಾನನ್ ಡಾಯ್ಲ್‌ಗೆ ಷರ್ಲಾಕ್ ಹೋಮ್ಸ್ ಸಾಕಾಗಿ 1893ರಲ್ಲಿ ಅವನನ್ನು ಜಲಪಾತಕ್ಕೆ ಬೀಳಿಸಿದ. ಜನ ಸಿಟ್ಟಾದರು, ಬೈದು ಪತ್ರ ಬರೆದರು. 1903ರಲ್ಲಿ ಹೋಮ್ಸ್ ಬದುಕಿ ಬರಬೇಕಾಯಿತು. ಅಂದಹಾಗೆ ಇಂಗ್ಲಿಷಿನ ಮೊದಲ ದೊಡ್ಡ ಪತ್ತೇದಾರಿ ಕಾದಂಬರಿ ಅನ್ನಿಸಿಕೊಂಡ ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್' (1868) ಶುರುವಾಗುವುದೇ ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರಲ್ಲಿ ಕೋಟೆ ಬಿದ್ದ ದಿನದ ಲೂಟಿಯಿಂದ. ಕದ್ದ ವಜ್ರ ಇಲ್ಲಿಂದ ಹೋದದ್ದು. ಕಥೆ ವಾಪಸ್ ಬಂದರೆ ಬೇಡ ಅನ್ನುವುದು ಸರಿಯಲ್ಲ.

ನ್ಯಾಯದ ಹಸಿವೂ ಇದೆ. ಇದನ್ನು ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಆರೋಪಪಟ್ಟಿ ಸಲ್ಲಿಕೆ ಆದದ್ದು 2019ರಲ್ಲಿ. ನಿಜದ ಸಾವು ಹೀಗೆ ಇರುತ್ತದೆ, ಅದರ ಮುಂದೆ ಕಾದಂಬರಿಯ ಮಾತು ಆಡುವುದೇ ಕಷ್ಟ. ಆದರೆ ಕೋರ್ಟಿನ ತಾರೀಖುಗಳ ನಡುವೆ ಬದುಕುವ ಜನರಿಗೆ, ಜಮೀನಿನ ಕೇಸು ಅಜ್ಜನಿಂದ ಮೊಮ್ಮಗನಿಗೆ ಬಂದ ಮನೆಗಳಿಗೆ, ಇನ್ನೂರು ಪುಟದೊಳಗೆ ಸತ್ಯ ಹೊರಗೆ ಬೀಳುವ ಒಂದು ಜಾಗ ಬೇಕಾಗುತ್ತದೆ. ತಪ್ಪಾ?

ನನ್ನ ಸೋದರಮಾವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಗುಮಾಸ್ತರಾಗಿದ್ದರು. ದಿನವಿಡೀ ಚೀಲದ ಲೆಕ್ಕ, ಕಣ್ಣಲ್ಲಿ ಮೂಗಲ್ಲಿ ಘಾಟು. ರಾತ್ರಿ ಊಟ ಆದ ಮೇಲೆ ಬಾಡಿಗೆ ಅಂಗಡಿಯಿಂದ ತಂದ ಪತ್ತೇದಾರಿ ಪುಸ್ತಕ. ದಿನದ ಬಾಡಿಗೆ ಲೆಕ್ಕ, ಹಾಗಾಗಿ ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದರು. ಹುಬ್ಬಳ್ಳಿಯಿಂದಲೇ 1956ರಿಂದ ಬರುತ್ತಿದ್ದ 'ಕಸ್ತೂರಿ' ಮಾಸಪತ್ರಿಕೆಯಲ್ಲಿ ಕೊನೆಗೆ ಪುಸ್ತಕ ವಿಭಾಗ ಅಂತ ಇರುತ್ತಿತ್ತು, ಒಂದು ಇಡೀ ಪುಸ್ತಕದ ಸಂಗ್ರಹ. ಮಾವ ಪತ್ರಿಕೆಯನ್ನು ಹಿಂದಿನಿಂದ ತೆರೆಯುತ್ತಿದ್ದರು. ಆಮೇಲೆ ನಿಧಾನವಾಗಿ ಮುಂದಿನ ಪುಟಗಳಿಗೂ ಬಂದರು, ಪಾ.ವೆಂ. ಆಚಾರ್ಯರ ಬರಹಕ್ಕೆ ಬಂದರು, ಅಲ್ಲಿಂದ ಕಾರಂತರಿಗೆ, ಬೇಂದ್ರೆಗೆ. ಅವರನ್ನು ಒಳಗೆ ಕರೆದದ್ದು ಕೊಲೆಗಾರ. ಎಲ್ಲರೂ ಹೀಗೇ ಮೇಲೆ ಹತ್ತುತ್ತಾರೆ ಅಂತ ನಾನು ಹೇಳುವುದಿಲ್ಲ. ಹತ್ತದೆ ಅಲ್ಲೇ ಖುಷಿಯಾಗಿ ಉಳಿದವರೂ ಓದುಗರೇ, ಅವರಿಗೆ ನಮ್ಮ ಅಪ್ಪಣೆ ಬೇಕಾಗಿಲ್ಲ.

ಶಾಲೆಯ ಅನುಭವ ಒಂದು. ಒಂದು ಪತ್ತೇದಾರಿ ಕಥೆಯನ್ನು ಕೊನೆಯ ಪುಟ ಒಂದನ್ನು ಬಿಟ್ಟು ಓದಿ ಹೇಳಿ ಪುಸ್ತಕ ಮುಚ್ಚಿಟ್ಟೆ. ಕಳ್ಳ ಯಾರು, ಯಾಕೆ ಅಂತ ಬರೆದುಕೊಂಡು ಬನ್ನಿ ಅಂದೆ. ಐದು ಅಂಕದ ಪ್ರಶ್ನೆಗೆ ಮೂರು ಸಾಲು ಬರೆದು ಕೈ ನೋವು ಅನ್ನುವ ಹುಡುಗ ಎರಡು ಪುಟ ಬರೆದು ತಂದಿದ್ದ. ಒಬ್ಬ ಹುಡುಗಿ ಬಾಗಿಲ ಚಿಲಕದ ಚಿತ್ರ ಬರೆದು, ಹೊರಗಿನಿಂದ ಇದನ್ನು ಹಾಕಲು ಆಗುವುದಿಲ್ಲ ಅಂತ ಸಾಧಿಸಿದ್ದಳು. ಕಥೆ ಬರೆದವರೇ ಅದನ್ನು ಯೋಚಿಸಿರಲಿಲ್ಲ! ಕಾಗುಣಿತದ ತಪ್ಪು ಬೇಕಾದಷ್ಟಿತ್ತು. ನಾನು ಆ ದಿನ ಕೆಂಪು ಪೆನ್ನು ತೆಗೆಯಲಿಲ್ಲ.

ನಿಮ್ಮ ಆಕ್ಷೇಪಗಳು ನನಗೆ ಗೊತ್ತು. ಮಕ್ಕಳು ಅಪರಾಧ ಕಲಿಯುತ್ತಾರೆ ಅಂತೀರಿ. ಮಕ್ಕಳ ಕೈಯಲ್ಲಿ ಫೋನಿದೆ, ಅದರಲ್ಲಿ ದಿನಕ್ಕೆಷ್ಟು ಕೊಲೆ ಬರುತ್ತವೆ ಅಂತ ಒಮ್ಮೆ ನೋಡಿ. ಅಲ್ಲಿ ರಕ್ತ ಇದೆ, ಕಿರುಚಾಟ ಇದೆ, ಬೆರಳು ಸವರಿದರೆ ಮುಂದಿನದು. ಕಾದಂಬರಿಯಲ್ಲಿ ಕನಿಷ್ಠ ಯಾಕೆ ಅನ್ನುವ ಪ್ರಶ್ನೆ ಕೊನೆಯ ತನಕ ಇರುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ನಾನು ನಿಮ್ಮ ಕಡೆ. ಹಳೆಯ ಪತ್ತೇದಾರಿಗಳಲ್ಲಿ ಕಸ ಬಹಳ ಇದೆ. ಹೆಂಗಸು ಅಂದರೆ ಹೆಣ ಇಲ್ಲವೇ ಮೋಹಿನಿ. ಅದಕ್ಕಿಂತ ಕೆಟ್ಟದ್ದು, ಇಂಥ ಜಾತಿಯವರು ಹುಟ್ಟು ಕಳ್ಳರು ಅನ್ನುವ ಧಾಟಿ. ನಮ್ಮ ಊರಲ್ಲಿ ಇದು ಬರೀ ಕಥೆಯಲ್ಲ. 1871ರಲ್ಲಿ ಬ್ರಿಟಿಷರು ಕೆಲವು ಸಮುದಾಯಗಳನ್ನೇ ಅಪರಾಧಿಗಳು ಅಂತ ಘೋಷಿಸುವ ಕಾಯ್ದೆ ತಂದರು, ಮುಂದೆ ಅದು ಮುಂಬಯಿ ಪ್ರಾಂತಕ್ಕೂ ಬಂತು. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ತಂತಿಬೇಲಿಯ ವಸಾಹತು ಮಾಡಿ ಆ ಜನರನ್ನು ಇಟ್ಟರು, ಹಾಜರಿ ಹಾಕಿಸಿದರು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಆ ಜಾಗಕ್ಕೆ ಸೆಟ್ಲಮೆಂಟ್ ಅಂತಲೇ ಕರೆಯುತ್ತಾರೆ. ಕಾಯ್ದೆ ರದ್ದಾದದ್ದು 1952ರಲ್ಲಿ. ಆ ಓಣಿಯ ಮಗು ಗ್ರಂಥಾಲಯಕ್ಕೆ ಬಂದು ಪುಸ್ತಕ ತೆರೆದರೆ ತನ್ನ ಅಜ್ಜನನ್ನು ಕಳ್ಳ ಅಂದಿರಬಾರದು. ಅದಕ್ಕೇ ಹೇಳುವುದು, ಆರಿಸಿ. ಆರಿಸುವುದೇ ನಿಮ್ಮ ಕೆಲಸ. ಕವಿತೆಯಲ್ಲಿ ಕಸ ಇದೆ ಅಂತ ನೀವು ಕವಿತೆ ಕೊಳ್ಳುವುದನ್ನು ನಿಲ್ಲಿಸಿಲ್ಲವಲ್ಲ. ಈಗ ಚೆನ್ನಾಗಿ ಬರೆಯುವವರೂ ಇದ್ದಾರೆ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ಅವರು ಶಾಸನ, ಇತಿಹಾಸ, ವಿಜ್ಞಾನ ಸೇರಿಸಿ ಬರೆದ ರೋಚಕ ಕಾದಂಬರಿಗಳನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಸರದಿ ಹಾಕಿಕೊಂಡು ಓದುತ್ತಾರೆ. ಗಣಿತದ ಸರ್ ಅಣ್ಣಿಗೇರಿ ಸ್ಟೇಷನ್ ಬಂದದ್ದೇ ಗೊತ್ತಾಗದೆ ಹುಬ್ಬಳ್ಳಿ ತನಕ ಬಂದುಬಿಟ್ಟರು. ಆದಿಕವಿ ಪಂಪನ ಊರು, ಕಿಟಕಿಯ ಹೊರಗೆ ತಲೆಯೆತ್ತಿಯೂ ನೋಡಲಿಲ್ಲ!

ಹಾಗಾಗಿ ಮಾಡಬೇಕಾದ್ದು ಸಣ್ಣದು. ಸಗಟು ಖರೀದಿಯ ಪಟ್ಟಿ ಮಾಡುವಾಗ ಪತ್ತೇದಾರಿ, ರೋಚಕ ಕಾದಂಬರಿ ಅಂತ ಒಂದು ವಿಭಾಗವನ್ನೇ ಇಡಿ, ಇತರೆ ಅನ್ನುವ ಮೂಲೆಗೆ ತಳ್ಳಬೇಡಿ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಅರಿವು ಕೇಂದ್ರ ಆಗಿವೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಇರಬೇಕು, ನಿಜ, ಆದರೆ ಕೆಲಸದ ಪರೀಕ್ಷೆ ಬರೆಯದ ರೈತರು, ಮನೆಯಲ್ಲಿರುವ ಹೆಣ್ಣುಮಕ್ಕಳು ಏನು ಓದಬೇಕು? ರದ್ದಿಗೆ ಹಾಕುವ ಮೊದಲು ಚೀಟಿಯ ತಾರೀಖು ನೋಡಿ, ಜಾಸ್ತಿ ಹೋದ ಪುಸ್ತಕವನ್ನು ಮತ್ತೆ ತರಿಸಿ. ಸಿಗದ ಹಳೆಯ ಪುಸ್ತಕಗಳಲ್ಲಿ ಒಳ್ಳೆಯವನ್ನು ಮತ್ತೆ ಅಚ್ಚು ಹಾಕಿಸಲು ಬಂದರೆ ಹಾಕಿಸಿ. ಗದಗಿನ ಪ್ರೆಸ್ಸುಗಳು ಎಲ್ಲೂ ಹೋಗಿಲ್ಲ.

ಮಾವ ತೀರಿಕೊಂಡ ಮೇಲೆ ಅವರ ಟ್ರಂಕು ನನ್ನ ಪಾಲಿಗೆ ಬಂದಿದೆ. ತುಂಬ ಪತ್ತೇದಾರಿ ಪುಸ್ತಕಗಳು. ಬಾಡಿಗೆ ಅಂಗಡಿ ಮುಚ್ಚಿದಾಗ ತೂಕಕ್ಕೆ ಕೊಂಡದ್ದಂತೆ. ನಿಮ್ಮಲ್ಲಿ ಯಾರಾದರೂ ಕಪಾಟಿನ ಒಂದು ಅಂಕಣ ಬಿಟ್ಟುಕೊಟ್ಟರೆ ಟ್ರಂಕನ್ನು ರಿಕ್ಷಾದಲ್ಲಿ ಹಾಕಿಕೊಂಡು ನಾನೇ ತಂದು ಕೊಡುತ್ತೇನೆ. ಕೊನೆಯ ಹಾಳೆಗಳು ಇವೆಯಾ ಅಂತ ಒಂದೊಂದನ್ನೂ ನೋಡಿದ್ದೇನೆ, ಇವೆ. ಎರಡು ಪುಸ್ತಕ ಮಾತ್ರ ಈಗ ಕೊಡುವುದಿಲ್ಲ, ಅವನ್ನು ಇನ್ನೂ ಓದಿ ಮುಗಿಸಿಲ್ಲ.

ಇಂತಿ,
ಗದಗ ಜಿಲ್ಲೆಯ ಒಬ್ಬ ಕನ್ನಡ ಟೀಚರ್, ಹುಬ್ಬಳ್ಳಿ